ಒಂದು ಶೆಡ್ಡು, ಎರಡು ಗಾಡಿ

ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಬೇರೆಯವರಿಗೆ ತಲೆಬಿಸಿ, ನನಗೆ ಒಂದು ಕತೆ. ಪ್ರಾಯವೆಲ್ಲ ಸ್ಟೇರಿಂಗ್ ಹಿಡಿದೇ ಕಳೆದವನನ್ನು ಇಂಥದ್ದೆಲ್ಲ ಹುಡುಕಿಕೊಂಡು ಬರುತ್ತದೆ, ಬೆಲ್ಲದ ಡಬ್ಬಿಗೆ ಇರುವೆ ಬಂದ ಹಾಗೆ.

ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಓಟು ಹಾಕಲಿಕ್ಕೆ ಮಾತ್ರ. ಆದರೆ ಬೆಳ್ತಂಗಡಿಯಿಂದ ಚಾರ್ಮಾಡಿಗೆ ಸರ್ವಿಸ್ ಜೀಪು ಬಿಡುತ್ತಿದ್ದ ಕಾಲದಲ್ಲಿ ಆ ದಾರಿಯ ಹೊಂಡಗಳು ನನ್ನನ್ನು ಕಂಡರೆ ಬದಿಗೆ ಸರಿದು ಕೂರುತ್ತಿದ್ದವು. ಜೀಪಿನೊಳಗೆ ಎಷ್ಟು ಜನ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನೇ ಅರ್ಧ ಹೊರಗೆ ಕೂರುತ್ತಿದ್ದೆ. ಗೇರು ನನ್ನ ಕೈಗೆ ಎಟಕುತ್ತಿರಲಿಲ್ಲ, ಅದು ಪಕ್ಕದವನ ಕೆಲಸ. ನಾನು ‘ಎರಡು’ ಎಂದರೆ ಅವನು ಎರಡಕ್ಕೆ ಹಾಕಬೇಕು. ಆ ದಾರಿಯ ಅರ್ಧ ಜನ ಡ್ರೈವಿಂಗ್ ಕಲಿತದ್ದೇ ಹಾಗೆ.

ಆ ಜೀಪು ಈಗಲೂ ಉಂಟು. ಮಿಲಿಟರಿಯವರು ಏಲಂ ಹಾಕಿದಾಗ ಹಿಡಿದದ್ದು. ಬಾನೆಟ್ಟಿನ ಮೇಲೆ ಒಂದು ತಗ್ಗು ಉಂಟು, ಯುದ್ಧದಲ್ಲಿ ಗುಂಡು ತಾಗಿದ್ದು. ಗುಂಡು ಒಳಗೆ ಹೋಗಲಾಗದೆ ತಿರುಗಿ ಹೊಡೆದವನ ಕಡೆಗೇ ಹೋಯಿತು ಎಂದು ನಾನು ಹೇಳುವುದುಂಟು. ಪ್ರಯಾಣಿಕರು ನಂಬುತ್ತಿದ್ದರು. ನಂಬದವರನ್ನು ನಾನು ಹತ್ತಿಸುತ್ತಿರಲಿಲ್ಲ.

ಅದಕ್ಕೆ ಬ್ಯಾಟರಿ ಇಲ್ಲ. ಮನೆ ಕಟ್ಟುವಾಗ ಎಲ್ಲರೂ ಬಾವಿಗೆ ನೀರು ನೋಡುತ್ತಾರೆ, ನಾನು ಜೀಪಿಗೆ ಇಳಿಜಾರು ನೋಡಿದೆ. ಬಂಟ್ವಾಳದ ಈಚೆ ಒಂದು ಗುಡ್ಡೆಯ ತಲೆಯಲ್ಲಿ ನಮ್ಮ ಮನೆ. ಚಕ್ರದ ಅಡಿಯ ಕಲ್ಲು ತೆಗೆದರೆ ಜೀಪು ತಾನೇ ಇಳಿಯುತ್ತದೆ, ಅರ್ಧಕ್ಕೆ ಬಂದಾಗ ಕ್ಲಚ್ಚು ಬಿಟ್ಟರೆ ಡೀಸೆಲ್ ಇಂಜಿನು ಸ್ಟಾರ್ಟು. ಬ್ಯಾಟರಿ ಎಂಬುದು ಇಳಿಜಾರು ಇಲ್ಲದವರ ಚಟ.

ಹೀಗೆ ಸುಖವಾಗಿದ್ದಾಗ ಪುದಿಯಾಪ್ಳೆ ಗಲ್ಫಿನಿಂದ ರಜೆಗೆ ಬಂದ. ನಾವು ಬ್ಯಾರಿಗಳು ಅಳಿಯನನ್ನು ಪುದಿಯಾಪ್ಳೆ ಅನ್ನುವುದು, ಅಂದರೆ ಹೊಸ ಮದುಮಗ. ಮದುವೆಯಾಗಿ ತಲೆಗೂದಲು ಉದುರಿದರೂ ಅವನು ಹೊಸಬನೇ. ಅವನಿಗೆ ಕೋಳಿಯ ಒಳ್ಳೆಯ ತುಂಡು ಬಡಿಸಬೇಕು, ಎದುರು ಮಾತಾಡಲಿಕ್ಕಿಲ್ಲ. ಅವನು ಬಂದವನೇ ಒಂದು ಹೊಸ ಕಾರು ತೆಗೆದ. ಮುಂದೆ ಕಣ್ಣು, ಹಿಂದೆ ಕಣ್ಣು, ಒಳಗೆ ಟಿವಿ. ಮನೆಯಲ್ಲಿ ಶೆಡ್ಡು ಇರುವುದು ಒಂದೇ.

“ಮಾಮ, ಜೀಪನ್ನು ಗುಜರಿಗೆ ಕೊಡುವ” ಎಂದ.

ಬೇರೆ ಯಾರಾದರೂ ಹೇಳಿದ್ದರೆ ನಾನು ಎಂತ ಹೇಳುತ್ತಿದ್ದೆನೋ. ಪುದಿಯಾಪ್ಳೆಗೆ ಹೇಳಲಿಕ್ಕಾಗುತ್ತದಾ? ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, “ನನಗೆ ಮಳೆಗಾಲಕ್ಕೆ ಕಟ್ಟಿಗೆ ಇಡಲಿಕ್ಕೆ ಜಾಗ ಇಲ್ಲ, ಒದ್ದೆ ಕಟ್ಟಿಗೆ ಊದಿ ಊದಿ ಕಣ್ಣು ಹೋಯಿತು. ನಿಮಗೆ ಗಾಡಿಯ ಚಿಂತೆ” ಎಂದಳು. ಅದನ್ನು ಅವಳು ವರ್ಷ ವರ್ಷ ಹೇಳುತ್ತಾಳೆ, ಹಾಗಾಗಿ ನಾವಿಬ್ಬರೂ ಕೇಳಲಿಲ್ಲ.

ಕಡೆಗೆ ತೀರ್ಪು ಕೊಟ್ಟದ್ದು ಅವಳೇ. “ರಜೆ ಮುಗಿಯುವವರೆಗೆ ನೋಡುವ. ಬೇಕಾದ ಹೊತ್ತಿಗೆ ಯಾವುದು ಕೈಕೊಡುತ್ತದೋ ಅದು ಹೊರಗೆ. ಜೀಪು ಮಾತ್ರ ಕೈಕೊಟ್ಟರೆ ಸೀದಾ ಗುಜರಿಗೆ. ಅಷ್ಟರವರೆಗೆ ಕಾರು ಅಂಗಳದಲ್ಲಿರಲಿ.”

ನಾನು ಒಪ್ಪಿದೆ. ಯುದ್ಧ ಗೆದ್ದ ಗಾಡಿಗೆ ಇದೆಂತ ಲೆಕ್ಕ?

ಹಲಸಿನಹಣ್ಣಿನ ಮರ್ಯಾದೆ

ಮೂಡುಬಿದಿರೆಯಲ್ಲಿ ನನ್ನ ಒಬ್ಬ ಜೈನ ಗೆಳೆಯರು ಇದ್ದಾರೆ, ದೊಡ್ಡ ಹಿತ್ತಿಲಿನವರು. ಪುದಿಯಾಪ್ಳೆ ಬಂದಿದ್ದಾನೆಂದು ತಿಳಿದು ಒಂದು ಹಲಸಿನಹಣ್ಣು ಕೊಟ್ಟರು. ಹಣ್ಣೆಂದರೆ ಸಣ್ಣದಲ್ಲ. ಅದನ್ನು ಮರದಿಂದ ಇಳಿಸಿದ ಮೇಲೆ ಮರ ಎರಡು ಅಡಿ ಮೇಲೆ ಹೋಯಿತಂತೆ. ಪುದಿಯಾಪ್ಳೆಯ ಕಾರಿನ ಡಿಕ್ಕಿಯಲ್ಲಿ ಹಿಡಿಯಲಿಲ್ಲ, ಮುಂದಿನ ಸೀಟಿನಲ್ಲಿ ಕೂರಿಸಿದೆವು. ನಾನು ಹಿಂದೆ ಕೂತೆ.

ಕಾರು ಹೊರಟಿತು, ಹೊರಟ ಕೂಡಲೇ ‘ಟಿಂವ್ ಟಿಂವ್’ ಎಂದು ಬೊಬ್ಬೆ ಹಾಕಲಿಕ್ಕೆ ಶುರು.

“ಎಂತ ಅಂತೆ ಅದಕ್ಕೆ?” ಎಂದೆ.

“ಮುಂದೆ ಕೂತವರು ಬೆಲ್ಟು ಹಾಕಿಲ್ಲ ಮಾಮ.”

“ಮುಂದೆ ಕೂತದ್ದು ಹಲಸಿನಹಣ್ಣು ಅಂತ ಹೇಳು ಅದಕ್ಕೆ.”

“ಹೇಳಿದರೆ ಕೇಳುವುದಿಲ್ಲ, ಅದು ಭಾರ ನೋಡುವುದು.”

ಸಿದ್ಧಕಟ್ಟೆಯವರೆಗೆ ತಡೆದೆವು. ಮತ್ತೆ ತಲೆ ಸಿಡಿಯಿತು. ಗಾಡಿ ನಿಲ್ಲಿಸಿ ಹಣ್ಣಿಗೆ ಬೆಲ್ಟು ಕಟ್ಟಿದೆವು. ಕಾರು ತೆಪ್ಪಗಾಯಿತು. ಮೀನು ತೆಗೆದುಕೊಂಡೇ ಹೋಗುವ ಎಂದು ಬಿ.ಸಿ.ರೋಡಿಗೆ ಬಂದರೆ ಅಲ್ಲಿ ಪೊಲೀಸರು ಗಾಡಿ ತಪಾಸಣೆ ಮಾಡುತ್ತಿದ್ದಾರೆ. ಒಬ್ಬರು ಬಗ್ಗಿ ಮುಂದಿನ ಸೀಟು ನೋಡಿದರು, ಮತ್ತೆ ಹಿಂದೆ ನನ್ನನ್ನು ನೋಡಿದರು. ನಾನು ಬೆಲ್ಟು ಹಾಕಿರಲಿಲ್ಲ.

“ಕಾಕ, ಹಲಸಿನಹಣ್ಣಿಗಿರುವಷ್ಟು ಬುದ್ಧಿ ನಿಮಗಿಲ್ಲವಾ?” ಎಂದು ದಂಡ ಹಾಕಿದರು.

ಮನೆಯಲ್ಲಿ ನನ್ನ ಹೆಂಡತಿಗೆ ದೂರು ಕೊಟ್ಟೆ. ಅವಳು, “ಕಾರು ಕೈಕೊಡಲಿಲ್ಲವಲ್ಲ, ಹೇಳಿದ ಕೆಲಸಕ್ಕಿಂತ ಹೆಚ್ಚು ಮಾಡಿದೆ” ಎಂದಳು.

ಊರು ಸುತ್ತಿದ ಕೀ

ಇನ್ನೊಂದು ದಿನ ಪುದಿಯಾಪ್ಳೆಗೆ ಮಂಗಳೂರಿನಲ್ಲಿ ಕೆಲಸ ಇತ್ತು. ಅಲ್ಲಿ ಕಾರು ನಿಲ್ಲಿಸಲಿಕ್ಕೆ ಜಾಗ ಸಿಗುವುದಿಲ್ಲವೆಂದು ಬಿ.ಸಿ.ರೋಡಿನಲ್ಲಿ ಇಳಿದು ಬಸ್ಸು ಹತ್ತಿದ. “ಮಾಮ, ಕಾರು ಸ್ಟಾರ್ಟಿನಲ್ಲೇ ಉಂಟು, ನೀವು ಮನೆಗೆ ತೆಗೆದುಕೊಂಡು ಹೋಗಿ” ಎಂದ.

ಹೋದೆ. ಕಾರು ಎಂತದೋ ಕುಂಯ್‌ಗುಟ್ಟುತ್ತಾ ಇತ್ತು. ಒಳ್ಳೆಯ ಡ್ರೈವರ್ ಸಿಕ್ಕಿದ ಖುಷಿ ಇರಬೇಕು ಎಂದುಕೊಂಡೆ. ಬೈಪಾಸಿನಲ್ಲಿ ಒಂದು ಚಾ ಕುಡಿಯುವ ಎಂದು ಆಫ್ ಮಾಡಿದೆ. ಚಾ ಕುಡಿದು ಬಂದು ಬಟನು ಒತ್ತಿದರೆ ಕಲ್ಲು ಒತ್ತಿದ ಹಾಗೆ. ಟಿವಿಯಲ್ಲಿ ಇಂಗ್ಲಿಷು. ಚಾದಂಗಡಿಯವನನ್ನು ಕರೆದು ಓದಿಸಿದೆ.

“ಕೀ ಇಲ್ಲ ಅನ್ನುತ್ತದೆ ಕಾಕ.”

ಕೀ ಎಲ್ಲಿದೆ? ಪುದಿಯಾಪ್ಳೆಯ ಕಿಸೆಯಲ್ಲಿ, ಮಂಗಳೂರಿನಲ್ಲಿ. ಈ ಕೀಯನ್ನು ಎಲ್ಲಿಯೂ ತೂರಿಸಲಿಕ್ಕಿಲ್ಲ ಮಾರಾಯರೆ, ಅದು ಹತ್ತಿರ ಇದ್ದರೆ ಸಾಕಂತೆ. ನನ್ನ ಜೀಪಿಗೆ ಚಮಚದ ಹಿಡಿಯೂ ಆಗುತ್ತದೆ.

ಫೋನು ಮಾಡಿದೆ. ಅವನು ಬೆಳ್ತಂಗಡಿಗೆ ಬರುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೀ ಕೊಟ್ಟ. ನಮ್ಮಲ್ಲಿ ಮಾತ್ರೆ, ಮೀನು, ಮದುವೆ ಕಾಗದ ಎಲ್ಲ ಬಸ್ಸಿನಲ್ಲೇ ಬರುವುದು. ಆದರೆ ಅದು ಎಕ್ಸ್‌ಪ್ರೆಸ್. ನಾನು ರಸ್ತೆಯ ಮಧ್ಯಕ್ಕೆ ಬಂದು ಕೈ ಬೀಸುತ್ತಿದ್ದೇನೆ, ಬಸ್ಸು ನನ್ನ ಮುಂಡಾಸು ಹಾರಿಸಿಕೊಂಡು ಹೋಯಿತು. ಆ ಒಂದು ಕ್ಷಣ ಕೀ ಹತ್ತಿರ ಬಂತಲ್ಲ, ಕಾರು ‘ಟಿಣಿಂಗ್’ ಎಂದು ಲೈಟು ಹಾಕಿ ಕನ್ನಡಿ ಬಿಡಿಸಿತು. ನಾನು ಓಡಿ ಬಂದು ಬಟನು ಒತ್ತುವಾಗ ಬಸ್ಸು ತಿರುವಿನಲ್ಲಿ, ಕಾರು ಪುನಃ ಕಲ್ಲು. ನೆಂಟರನ್ನು ಕಂಡು ಬಾಗಿಲು ತೆರೆದು, ಅವರು ಮುಂದಿನ ಮನೆಗೆ ಹೋದರೆಂದು ತಿಳಿದು ಮುಚ್ಚಿದ ಹಾಗೆ.

ಸಂಜೆ ಬಸ್ಸು ವಾಪಸು ಬಂದಾಗ ಕಂಡಕ್ಟರು ಇಳಿದು ಕೀ ಕೊಟ್ಟ. “ಟಿಕೆಟಿಗೆ ಕೊಡಿ ಕಾಕ, ನಿಮ್ಮ ಕೀ ಬೆಳ್ತಂಗಡಿ ನೋಡಿಕೊಂಡು ಬಂತು.”

ಇದು ಕೈಕೊಟ್ಟದ್ದಲ್ಲವಾ ಎಂದು ನನ್ನ ಹೆಂಡತಿಯ ಹತ್ತಿರ ಕೇಳಿದೆ. ಅವಳು ಒಲೆ ಊದುತ್ತಾ, “ಕಾರಿನದ್ದೆಂತ ತಪ್ಪು? ಕೀ ಇಲ್ಲದಿದ್ದರೆ ಹೋಗಬಾರದು ಅಂತ ಅದಕ್ಕೆ ಗೊತ್ತಿತ್ತು. ನಿಮಗೆ ಗೊತ್ತಿರಲಿಲ್ಲ” ಎಂದಳು.

ಕಳ್ಳ ಮಾಡಿದ ರಿಪೇರಿ

ಒಂದು ಬೆಳಿಗ್ಗೆ ನೋಡಿದರೆ ಶೆಡ್ಡಿನಲ್ಲಿ ಜೀಪಿಲ್ಲ. ಪುದಿಯಾಪ್ಳೆಯ ಮುಖದಲ್ಲಿ ಬೇಸರ ಇತ್ತು, ಆದರೆ ಸ್ವಲ್ಪ ಕಡಿಮೆ ಇತ್ತು. ನಾನು ಇಳಿಜಾರು ಇಳಿದು ಹೋದೆ. ಜೀಪು ಕೆಳಗೆ ಗದ್ದೆಯ ಬದುವಿಗೆ ಮೂಗು ಕೊಟ್ಟು ನಿಂತಿದೆ. ಹತ್ತಿರದಲ್ಲಿ ಒಂದು ಕಾಲಿನ ಚಪ್ಪಲಿ.

ಕಳ್ಳ ಕಲ್ಲು ತೆಗೆದಿದ್ದಾನೆ, ಸರಿ. ಕ್ಲಚ್ಚು ಯಾವಾಗ ಬಿಡುವುದೆಂದು ಅವನಿಗೆ ಯಾರು ಹೇಳಬೇಕು? ಬ್ರೇಕು ಮೂರನೆಯ ತುಳಿತಕ್ಕೆ ಮಾತ್ರ ಹಿಡಿಯುವುದು ಎಂಬುದು ನನ್ನ ಮತ್ತು ಜೀಪಿನ ನಡುವಿನ ಮಾತು. ಪಾಪ, ಒಂದನೆಯದಕ್ಕೇ ದೇವರನ್ನು ಕರೆದಿರಬೇಕು. ಡ್ರೈವರ್ ಬದಿಯ ಬಾಗಿಲು ಎಷ್ಟೋ ವರ್ಷದಿಂದ ಜಾಮ್ ಆಗಿತ್ತು, ನಾನು ಆಚೆ ಬದಿಯಿಂದಲೇ ಹತ್ತುತ್ತಿದ್ದೆ. ಅವನು ಹೆದರಿ ಒಳಗಿನಿಂದ ಒದ್ದು ತೆರೆದು ಓಡಿದ್ದಾನೆ. ಅಂದಿನಿಂದ ಆ ಬಾಗಿಲು ಬೆಣ್ಣೆಯ ಹಾಗೆ ತೆರೆಯುತ್ತದೆ.

ಗದ್ದೆಯವರಿಂದ ತಳ್ಳಿಸಿ ಜೀಪನ್ನು ಪುನಃ ಶೆಡ್ಡಿಗೆ ಸೇರಿಸಿ, ಸ್ಟೇಷನ್ನಿಗೆ ಹೋಗಿ ಹೇಳಿದೆ. ಅಲ್ಲಿದ್ದವರು ಎಲ್ಲ ಕೇಳಿ, “ಗಾಡಿ ಸಿಕ್ಕಿತು, ಬಾಗಿಲು ರಿಪೇರಿ ಆಯಿತು, ಒಂದು ಚಪ್ಪಲಿ ಲಾಭ. ನೀವು ದೂರು ಕೊಡಲಿಕ್ಕೆ ಬಂದದ್ದಾ, ಅವನನ್ನು ಹುಡುಕಿ ಸನ್ಮಾನ ಮಾಡಬೇಕಾ?” ಎಂದರು.

ಪುದಿಯಾಪ್ಳೆ ಬಿಡಲಿಲ್ಲ. “ಸ್ಟಾರ್ಟ್ ಆಗಲಿಲ್ಲವಲ್ಲ ಮಾಮ, ಕೈಕೊಟ್ಟ ಹಾಗೆ ಅಲ್ವಾ?”

“ಕೈಕೊಟ್ಟದ್ದು ಕಳ್ಳನಿಗೆ” ಎಂದೆ. ಅದಕ್ಕೆ ನನ್ನ ಹೆಂಡತಿಯೂ ತಲೆ ಆಡಿಸಬೇಕಾಯಿತು.

ತೆಂಗಿನಮರದ ಶತ್ರು

ನಮ್ಮ ಪಕ್ಕದ ಮನೆಯವರು ಮಿಲಿಟರಿಯಲ್ಲಿ ಸುಬೇದಾರರಾಗಿ ರಿಟೈರ್ ಆದವರು. ಊರಿನಲ್ಲಿ ಸುಳ್ಳಿಗೆ ನನಗೆ ಸಮ ಇದ್ದರೆ ಅವರೊಬ್ಬರೇ. ಪುದಿಯಾಪ್ಳೆ ಅವರನ್ನು ಚಾಕ್ಕೆ ಕರೆದ, ಜೀಪಿನ ವಿರುದ್ಧ ಒಂದು ಮಾತು ಹೇಳಿಸಲಿಕ್ಕೆ. ಅವರು ಚಾದೊಟ್ಟಿಗೆ ಬೇರೆಯೇ ಶುರು ಮಾಡಿದರು.

“ನಮಗೆ ಬೆಟ್ಟದ ಮೇಲೆ ಒಂದು ಮಿಶಿನು ಕೊಟ್ಟಿದ್ದರು. ಶತ್ರು ಎಲ್ಲಿ ಅಡಗಿದ್ದಾನೆಂದು ಅದು ತೋರಿಸಬೇಕು. ಅದು ಕೆಲಸ ಮಾಡಬೇಕಾದರೆ ಎತ್ತರದ ಬಂಡೆಯ ಮೇಲೆ ಕಂಬ ನಿಲ್ಲಿಸಬೇಕು, ಕಂಬದ ತುದಿಗೆ ಲೈಟು ಹಾಕಬೇಕು, ಜನರೇಟರ್ ಓಡಿಸಬೇಕು.”

“ತೋರಿಸಿತಾ?” ಎಂದ ಪುದಿಯಾಪ್ಳೆ.

“ತೋರಿಸಿತು. ಶತ್ರುವಿಗೆ ನಮ್ಮನ್ನು.”

“ಮತ್ತೆ ಎಂತ ಮಾಡಿದಿರಿ?”

“ಒಂದು ನಾಯಿ ಸಾಕಿದೆವು.”

ನನಗೆ ಆನಂದವಾಯಿತು. ಮೇಲೊಂದು ಅಕ್ಕಿಯ ಕಲ್ತಪ್ಪದ ತುಂಡು ಬಡಿಸಿದೆ. ಈ ಹುರುಪಿನಲ್ಲೇ ಅವರನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಗುಂಡು ತಾಗಿದ ಗುರುತು ತೋರಿಸಿದೆ. ಅವರು ತಗ್ಗಿನ ಮೇಲೆ ಬೆರಳಾಡಿಸಿದರು, ತಲೆಯೆತ್ತಿ ಶೆಡ್ಡಿನ ಮೇಲಕ್ಕೆ ಬಾಗಿದ ನಮ್ಮ ತೆಂಗಿನಮರ ನೋಡಿದರು, ಮಾಡಿನಲ್ಲಿ ಯಾವಾಗಲೋ ಬದಲಿಸಿದ, ಬಣ್ಣ ಬೇರೆಯಾದ ಒಂದು ಹಂಚನ್ನೂ ನೋಡಿದರು.

“ಕಾಕ, ಶತ್ರು ತೆಂಗಿನಮರ ಹತ್ತಿ ಹೊಡೆದದ್ದಾ?”

ವಿಮಾನದ ದಿನ

ರಜೆ ಮುಗಿಯಿತು. ಎರಡು ಗಾಡಿಯೂ ಸೋತಿರಲಿಲ್ಲ. ಉಳಿದದ್ದು ಪುದಿಯಾಪ್ಳೆಯನ್ನು ವಿಮಾನಕ್ಕೆ ಬಿಡುವ ಒಂದು ಬೆಳಿಗ್ಗೆ. ಆ ವಿಮಾನ ತಪ್ಪಿದರೆ ಅವನ ಕೆಲಸಕ್ಕೇ ಸಂಚಕಾರ. “ಕಾರಿನಲ್ಲೇ ಹೋಗುವುದು” ಎಂದ ಅವನು. “ಕಾರು ಕೈಕೊಟ್ಟರೆ ಜೀಪು ಉಂಟಲ್ಲ, ಗುಡ್ಡೆ ಎಲ್ಲಿಗೂ ಹೋಗುವುದಿಲ್ಲ” ಎಂದೆ ನಾನು.

ಹಿಂದಿನ ಸಂಜೆ ಮಳೆ ಕಡಿಯಲೇ ಇಲ್ಲ. ನನ್ನ ಹೆಂಡತಿ, “ಕಾರನ್ನು ಶೆಡ್ಡಿನ ಬಾಯಿಗೆ ಅಡ್ಡ ತಂದಿಡಿ, ಸಾಮಾನು ಒದ್ದೆಯಾಗುವುದು ಬೇಡ” ಎಂದಳು. ಒಳ್ಳೆಯ ಮಾತು. ಅವಳೇ ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲ ಡಿಕ್ಕಿಯಲ್ಲಿಟ್ಟಳು.

ಬೆಳಿಗ್ಗೆ ಪುದಿಯಾಪ್ಳೆ ಅತ್ತರು ಹಾಕಿ, ಬೂಟು ಹಾಕಿ ಬಂದು ಬಟನು ಒತ್ತಿದ. ಕಾರಿನಲ್ಲಿ ಜೀವವಿಲ್ಲ. ಡಿಕ್ಕಿಯ ಬಾಗಿಲು ಒಂದು ಬೆರಳು ತೆರೆದಿತ್ತು, ರಾತ್ರಿಯಿಡೀ ಒಳಗೆ ಲೈಟು ಉರಿದು ಬ್ಯಾಟರಿ ಖಾಲಿ.

ನಾನು ಮೀಸೆ ಸವರಿಕೊಂಡೆ. “ಕಾರನ್ನು ಬದಿಗೆ ತಳ್ಳು, ಜೀಪು ತೆಗೆಯುತ್ತೇನೆ.”

“ತಳ್ಳಲಿಕ್ಕಾಗುವುದಿಲ್ಲ ಮಾಮ. ಬ್ಯಾಟರಿ ಇಲ್ಲದಿದ್ದರೆ ಗೇರು ಬಿಡುವುದಿಲ್ಲ, ಹ್ಯಾಂಡ್‌ಬ್ರೇಕೂ ಕರೆಂಟಿನದ್ದು.”

ಸುಬೇದಾರರು ಬೇಲಿ ದಾಟಿ ಬಂದರು. ಮೂವರು ಸೇರಿ ನೂಕಿದೆವು. ಕಾರು ಕದಲಲಿಲ್ಲ, ನಮ್ಮ ಕಾಲಡಿಯ ಕೆಸರು ಕದಲಿತು. ಪುದಿಯಾಪ್ಳೆ ಅತ್ತರಿನ ಸಮೇತ ಬಿದ್ದ. ಜೀಪು ಒಳಗೆ ತಯಾರಾಗಿ ನಿಂತಿದೆ, ಬಾಯಿಗೆ ಬೀಗ.

ಪುದಿಯಾಪ್ಳೆಗೆ ಫಕ್ಕನೆ ಬುದ್ಧಿ ಹೊಳೆಯಿತು. “ಮಾಮ, ಇನ್ನೊಂದು ಗಾಡಿಯ ಬ್ಯಾಟರಿಯಿಂದ ವೈರು ಕೊಟ್ಟರೆ ಕಾರು ಸ್ಟಾರ್ಟ್ ಆಗುತ್ತದೆ. ಜೀಪಿನ ಬ್ಯಾಟರಿ...”

ಅಷ್ಟು ಹೇಳಿ ಅವನು ನನ್ನನ್ನು ನೋಡಿದ. ಸುಬೇದಾರರೂ ನನ್ನನ್ನು ನೋಡಿದರು. ನಾನು ಇಳಿಜಾರು ನೋಡಿದೆ.

ಆಗ ಕೆಳಗಿನಿಂದ ‘ಪುಟು ಪುಟು’ ಎಂದು ಒಂದು ರಿಕ್ಷಾ ಹತ್ತಿ ಬಂತು.

“ಇರಲಿ ಅಂತ ನಿನ್ನೆಯೇ ಹೇಳಿಟ್ಟಿದ್ದೆ” ಎಂದಳು ನನ್ನ ಹೆಂಡತಿ. “ನೋಡುತ್ತಾ ನಿಂತರೆ ಹೇಗೆ? ಹತ್ತಿ.”

ಮಡಿಲಲ್ಲಿ ಪೆಟ್ಟಿಗೆ, ಮೇಲೆ ಒಣಮೀನು, ಹೀಗೆ ಪುದಿಯಾಪ್ಳೆ ವಿಮಾನಕ್ಕೆ ಹೋದ. ನಾನೂ ಬದಿಗೆ ಕೂತೆ. ಅಭ್ಯಾಸಬಲ, ಅರ್ಧ ಹೊರಗೆಯೇ. ವಿಮಾನ ಸಿಕ್ಕಿತು. ಗೇಟಿನಲ್ಲಿ ಅವನು ನನ್ನ ಕೈ ಹಿಡಿದು, “ಜೀಪು ಗುಜರಿಗೆ ಹೋಗಬೇಕಾಗಿಲ್ಲ ಮಾಮ, ಎರಡೂ ಸೋತದ್ದಲ್ವಾ” ಎಂದ. ಒಳ್ಳೆಯ ಹುಡುಗ. ಇಂಥವನಿಗೆ ಕೋಳಿಯ ಒಳ್ಳೆಯ ತುಂಡು ಕೊಟ್ಟದ್ದು ದಂಡವಲ್ಲ.

ಖುಷಿಯಲ್ಲಿ ಮನೆಗೆ ಬಂದೆ. ನಾನು ಬರುವಷ್ಟರಲ್ಲಿ ಗ್ಯಾರೇಜಿನವರು ಬ್ಯಾಟರಿ ತಂದು ಕಾರನ್ನು ಎಬ್ಬಿಸಿ ಅಂಗಳಕ್ಕೆ ಹಾಕಿದ್ದರು. ಅದರ ಪಕ್ಕದಲ್ಲಿ ನನ್ನ ಜೀಪು, ಚಕ್ರದ ಅಡಿಗೆ ಕಲ್ಲು. ಎರಡರ ಮೇಲೂ ಒಂದೇ ಟಾರ್ಪಾಲು. ಶೆಡ್ಡಿನಲ್ಲಿ ನೆಲದಿಂದ ಮಾಡಿನವರೆಗೆ ಮಿಲ್ಲಿನಿಂದ ತರಿಸಿದ ಒಣಕಟ್ಟಿಗೆ.

“ಇದೆಂತ?” ಎಂದೆ.

“ಕೈಕೊಟ್ಟದ್ದು ಹೊರಗೆ ಅಂತ ಮಾತಾಗಿತ್ತಲ್ಲ.”

“ಡಿಕ್ಕಿಯ ಬಾಗಿಲು ಸರಿ ಹಾಕದೆ ಬಿಟ್ಟದ್ದು ಯಾರು?”

“ಅಷ್ಟು ದೊಡ್ಡ ಕಾರು, ಹಲಸಿನಹಣ್ಣಿಗೆ ಬೆಲ್ಟಿಲ್ಲ ಅಂತ ಊರಿಡೀ ಬೊಬ್ಬೆ ಹಾಕುತ್ತದೆ. ತನ್ನದೇ ಬಾಗಿಲು ಹಾಕಿಲ್ಲ ಅಂತ ಹೇಳಲಿಕ್ಕಾಗಲಿಲ್ಲವಾ ಅದಕ್ಕೆ?”

ಅವಳು ಒಂದು ಹಿಡಿ ಕಟ್ಟಿಗೆ ಎತ್ತಿಕೊಂಡು ಒಲೆಯ ಕಡೆಗೆ ಹೊರಟಳು. ಬಾಗಿಲಲ್ಲಿ ನಿಂತು ನಮ್ಮ ಎರಡು ಗಾಡಿಗಳನ್ನು ಒಮ್ಮೆ ನೋಡಿ, ಕೈಯಲ್ಲಿದ್ದ ಕಟ್ಟಿಗೆ ಎತ್ತಿ ತೋರಿಸಿದಳು.

“ಇದಕ್ಕೆ ಕೀ ಬೇಡ, ಬ್ಯಾಟರಿ ಬೇಡ, ಇಳಿಜಾರೂ ಬೇಡ. ಒಂದು ಕಡ್ಡಿ ಗೀರಿದರೆ ಸ್ಟಾರ್ಟು.”