ನನ್ನ ಸ್ಕೇಲು, ನನ್ನ ಅಯಸ್ಕಾಂತ

ನನ್ನ ಹಳೆಯ ದಿನಚರಿಯ ಆಗಸ್ಟ್ ಹದಿನಾಲ್ಕರ ಪುಟದಲ್ಲಿ ಹೀಗಿದೆ: 'ಗೂಡಿನ ಬಾಗಿಲು ಒಂದು ಸೆಂಟಿಮೀಟರ್ ಕಡಿಮೆ. ತಪ್ಪು ಬಡಗಿಯದು.' ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಬರೆದಿಡುವವಳು ನಾನೊಬ್ಬಳೇ ಆದ್ದರಿಂದ, ತಪ್ಪು ನನ್ನದೆಂದು ಎಲ್ಲೂ ಬರೆದಿಲ್ಲ.

೧. ಸವೆದ ಸ್ಕೇಲು

ಕಾಲೇಜಿನ ಕಾಲದ ನನ್ನ ಮರದ ಸ್ಕೇಲಿನ ಮೊದಲ ಸೆಂಟಿಮೀಟರ್ ಸವೆದುಹೋಗಿತ್ತು. ಒಂದರಿಂದ ಅಳೆದು, ಕೊನೆಗೆ ಒಂದು ಕಳೆಯಬೇಕೆಂದು ಮನೆಯವರಿಗೆಲ್ಲ ಕಲಿಸಿದ್ದೆ. ಆಮೇಲೆ ಯಜಮಾನರು ಹೊಸ ಸ್ಟೀಲ್ ಸ್ಕೇಲು ತಂದರು. ಅಡುಗೆಮನೆಯ ಗೋಡೆಯ ಗೂಡಿಗೆ ಬಾಗಿಲು ಮಾಡಲು ಬಂಡಳ್ಳಿಯ ಬಡಗಿ ಬಂದಾಗ ಅದರಲ್ಲೇ ಸೊನ್ನೆಯಿಂದ ಅಳೆದೆ. ಅಭ್ಯಾಸಬಲದಿಂದ ಒಂದು ಕಳೆದು ಚೀಟಿ ಬರೆದುಕೊಟ್ಟೆ. ಬಾಗಿಲು ಕೂರಲಿಲ್ಲ.

"ಏನಯ್ಯಾ ಇದು?"

ಅವನು ಚೀಟಿ ನೋಡಿದ, ಬಾಗಿಲು ನೋಡಿದ. "ಬಾಗ್ಲು ನಿಮ್ಮ ಚೀಟಿನಂಗೇ ಅದೆ ಕಣವ್ವ. ಗೋಡೆಗೇ ಓದು ಬರಹ ಇಲ್ಲ."

೨. ಅಂಟದ ಪಾತ್ರೆ

ಹೊಸ ಇಂಡಕ್ಷನ್ ಒಲೆಗೆ ಪಾತ್ರೆ ಕೊಳ್ಳಲು ಯಳಂದೂರಿನ ಅಂಗಡಿಗೆ ನಾದಿನಿಯ ಜೊತೆ ಹೋಗಿದ್ದೆ. ಯಜಮಾನರ ತಂಗಿ, ಹನೂರಿಗೆ ಕೊಟ್ಟಿರುವವಳು. ನನ್ನ ಎರಡೂ ಬಾಣಂತನ ಮಾಡಿದವಳು. ಒಳ್ಳೆಯ ಸ್ಟೀಲಿಗೆ ಅಂಟುವುದಿಲ್ಲವೆಂದು, ಸದಾ ಪರ್ಸಿನಲ್ಲಿಟ್ಟುಕೊಳ್ಳುವ ಅಯಸ್ಕಾಂತ ತೆಗೆದು ಒಂದೊಂದು ಪಾತ್ರೆಗೂ ಹಿಡಿದೆ. ಅಂಟಿದ್ದೆಲ್ಲ ಕಳಪೆ ಎಂದು ಪಕ್ಕಕ್ಕಿಟ್ಟೆ.

"ಅಮ್ಮಾ, ಇಂಡಕ್ಷನ್ ಒಲೆಗೆ ಅಂಟೋದೇ ಬೇಕು," ಎಂದರು ಅಂಗಡಿಯವರು.

"ನಾನು ಬಿ.ಎಸ್‌ಸಿ. ಮಾಡಿದವಳು," ಎಂದು ಅಂಟದ್ದನ್ನೇ ತಂದೆ.

ಮನೆಯಲ್ಲಿ ಹಾಲಿಟ್ಟರೆ ಒಲೆ ಕೀಂ ಕೀಂ ಎಂದಿತೇ ಹೊರತು ಕಾಯಲಿಲ್ಲ. ನಾದಿನಿ ಬೆರಳದ್ದಿ ನೋಡಿದಳು. "ಹಾಲು ತಣ್ಣಗೇ ಅದೆ ಅತ್ಗೆ. ನಿಮ್ಮ ಡಿಗ್ರಿನೇ ಬಿಸಿ ಆಗಿರೋದು."

ಆಗ ಇಬ್ಬರೂ ನಕ್ಕಿದ್ದೆವು.

೩. ಸರದ ಕೊಂಡಿ

ಮೊಮ್ಮಗಳ ನಾಮಕರಣಕ್ಕೆ ನಾದಿನಿ ಚಿನ್ನದ ಸರ ತಂದು ಮಗುವಿನ ಕೊರಳಿಗೆ ಹಾಕಿದಳು. ಊಟಕ್ಕೆ ಕೂತಾಗ ನಾನು ಬೀಗರೆದುರೇ ಅದಕ್ಕೆ ಅಯಸ್ಕಾಂತ ಹಿಡಿದೆ. ಟಕ್ಕನೆ ಕೊಂಡಿಗೆ ಅಂಟಿತು.

"ಚಿನ್ನಕ್ಕೆ ಇದು ಅಂಟುವುದಿಲ್ಲ. ನಿನಗೆ ಯಾರೋ ಮೋಸ ಮಾಡಿದ್ದಾರೆ," ಎಂದೆ.

ಪಂಕ್ತಿಯಲ್ಲಿ ಯಾರೂ ಎಲೆಯಿಂದ ತಲೆ ಎತ್ತಲಿಲ್ಲ. ನಾದಿನಿ ಎದ್ದಳು. "ಇಷ್ಟು ವರ್ಷ ನನ್ನ ಅಳೆದ್ರಿ ಅತ್ಗೆ, ಸುಮ್ಕಿದ್ದೆ. ಇವತ್ತು ಅಂಟ್ಸೂ ನೋಡುದ್ರಿ." ಊಟ ಮಾಡದೆ ಬಸ್ಸು ಹತ್ತಿದಳು.

ಮರುದಿನ ಅಕ್ಕಸಾಲಿಗರು ಸರವನ್ನು ಕಲ್ಲಿಗೆ ಉಜ್ಜಿ ನೋಡಿದರು. "ಅಪ್ಪಟ ಚಿನ್ನ ಕಣಮ್ಮ. ಕೊಂಡಿ ಒಳಗಿನ ಸ್ಪ್ರಿಂಗ್ ಮಾತ್ರ ಉಕ್ಕು. ಎಲ್ಲಾ ಸರದಲ್ಲೂ ಅಷ್ಟೇಯ. ನಿಮ್ಮ ಕತ್ತಿನದ್ರಲ್ಲೂ."

ತಪ್ಪೊಪ್ಪಿಕೊಳ್ಳಲು ಹನೂರಿಗೆ ಹೋದೆ. ನಾದಿನಿ ಬಾಗಿಲು ತೆರೆದಳು, ಕೂರಿಸಿದಳು, ಸ್ಟೀಲ್ ಲೋಟದಲ್ಲಿ ಕಾಫಿ ತಂದಿಟ್ಟಳು.

"ತಂದಿದೀರಾ ಅತ್ಗೆ ಅಯಸ್ಕಾಂತವ? ಲೋಟ ನೋಡ್ಕಂಡು ಕುಡೀರಿ."

ಅವಳ ಮನೆಯಲ್ಲಿ ನಾನು ಕುಡಿದ ಕೊನೆಯ ಕಾಫಿ ಅದು. ಆಮೇಲೆ ಮೂರು ಗೌರಿ ಹಬ್ಬಗಳಾದವು. ತವರಿನ ಬಾಗಿನ ಕೊಡಲು ಯಜಮಾನರೊಬ್ಬರೇ ಹೋಗುತ್ತಾರೆ, ಉಂಡು ಬರುತ್ತಾರೆ. ನಾದಿನಿ ಮಾತ್ರ ನಮ್ಮ ಹೊಸಿಲು ತುಳಿದಿಲ್ಲ. ಮೊಮ್ಮಗಳಿಗೆ ಹನೂರಿನ ಅಜ್ಜಿಯ ಮುಖ ಗೊತ್ತಿಲ್ಲ.