ಶ್ರೀ ಬೋನಿವೆರ್ ಅವರ ವಾಸಸ್ಥಳ ಪರಿಶೀಲನೆ

ವಾಲ್‌ಮೋನ್ ಪುರಸಭೆಯ ಜನಸಂಖ್ಯೆ ಕಳೆದ ಅಕ್ಟೋಬರ್ ಹನ್ನೆರಡರಂದು ಅಧಿಕೃತವಾಗಿ ಒಂದರಷ್ಟು ಹೆಚ್ಚಿತು. ಅಂದು ಊರಲ್ಲಿ ಯಾರೂ ಹುಟ್ಟಿರಲಿಲ್ಲ, ಹೊರಗಿನಿಂದ ಯಾರೂ ಬಂದಿರಲಿಲ್ಲ. ಆದರೆ ಅರ್ಜಿ ಬಂದಿತ್ತು. ಬೆಲ್ಜಿಯಂನಲ್ಲಿ ಅಷ್ಟು ಸಾಕು.

ಊರಿನ ಅತಿವಾಸ್ತವವಾದಿ ಚಿತ್ರಕಾರ ದಿವಂಗತ ಒಕ್ತಾವ್ ರಾಸ್ಕೆನ್ ಅವರ ಸಿಂಹಾವಲೋಕನ ಪ್ರದರ್ಶನವನ್ನು ಪುರಸಭೆಯ ಚಿತ್ರಶಾಲೆ ಏರ್ಪಡಿಸಿತ್ತು. ಅವರು ಬದುಕಿದ್ದಾಗ ಆ ಚಿತ್ರಗಳಿಗೆ ತಲೆಬುಡವಿಲ್ಲ ಎನ್ನುತ್ತಿದ್ದ ಪುರಸಭೆಗೆ, ಸತ್ತು ಒಂಬತ್ತು ವರ್ಷವಾದ ಮೇಲೆ ತಲೆಯೂ ಬುಡವೂ ಒಟ್ಟಿಗೇ ಕಾಣಿಸಿದ್ದವು. ನಲವತ್ತು ಚಿತ್ರಗಳು ಸಿಕ್ಕವು. ನಲವತ್ತೊಂದನೆಯದು ಒಕ್ತಾವ್ ಅವರ ವಿಧವೆ ಗಿಲೆನ್ ಅವರ ಅಡುಗೆಮನೆಯಲ್ಲಿತ್ತು.

ಅದರ ಹೆಸರು ‘ಸಾರಿಗಾಗಿ ಕಾದಿರುವ ಶ್ರೀ ಬೋನಿವೆರ್’. ಮೇಜಿನ ಮುಂದೆ ಕೈಕಟ್ಟಿ ಕೂತ ಗಂಡಸು, ಕತ್ತಿನ ಮೇಲೆ ತಲೆಯ ಬದಲು ಕಾಫಿ ಕೆಟಲ್. ಮೂವತ್ತು ವರ್ಷದ ಹಿಂದೆ ಒಕ್ತಾವ್ ಕನ್ನಡಿಯ ಮುಂದೆ ಕೂತು ತನ್ನನ್ನೇ ಬರೆಯಲು ಹೊರಟು, ಮುಖಕ್ಕೆ ಬರುವ ಹೊತ್ತಿಗೆ ಬೇಸರಗೊಂಡು ಕೆಟಲ್ ಇಟ್ಟು ಮುಗಿಸಿದ್ದ. ಮೈಮೇಲಿನ ಹಸಿರು ಸ್ವೆಟರ್ ಗಿಲೆನ್ ಹೆಣೆದದ್ದು. ಮೂರನೆಯ ಗುಂಡಿ ಬೇರೆ ಬಣ್ಣದ್ದು, ಅದನ್ನು ಹೊಲಿದವಳೂ ಆಕೆಯೇ. ಒಂಬತ್ತು ವರ್ಷದಿಂದ ಆಕೆ ಅದರ ಎದುರಿಗೇ ಕೂತು ಉಣ್ಣುತ್ತಿದ್ದಳು.

“ಮೂರೇ ತಿಂಗಳು ಮದಾಮ್, ನನ್ನಾಣೆ!” ಎಂದು ಗೋಗರೆದು ಚಿತ್ರಶಾಲೆಯ ನಿರ್ದೇಶಕ ತಿರಿಯಾರ್ ಅದನ್ನು ಹೊತ್ತೊಯ್ದ. ಎರವಲಿನ ನಮೂನೆಗಳು ನಲವತ್ತಕ್ಕೇ ಮುಗಿದಿದ್ದವು. ಪಕ್ಕದ ಕೌಂಟರಿನಲ್ಲಿ ಮನೆ ಬದಲಾವಣೆಯ ನಮೂನೆ ಬೇಕಾದಷ್ಟಿತ್ತು. ಹೆಸರು, ಹಳೆಯ ವಿಳಾಸ, ಹೊಸ ವಿಳಾಸ, ಬೇಕಾದ್ದೆಲ್ಲ ಅದರಲ್ಲೂ ಇದ್ದುದರಿಂದ ತಿರಿಯಾರ್ ಅದನ್ನೇ ತುಂಬಿದ. ಉದ್ಯೋಗ ಎಂಬಲ್ಲಿ ‘ಸಾರಿಗಾಗಿ ಕಾಯುವುದು’ ಎಂದು ಬರೆದ.

ಮನೆ ಬದಲಿಸಿದವರು ನಿಜಕ್ಕೂ ಅಲ್ಲಿದ್ದಾರೆಯೇ ಎಂದು ಬಡಾವಣೆಯ ಪೊಲೀಸರು ಖುದ್ದಾಗಿ ನೋಡಿ ಬರಬೇಕೆಂಬುದು ನಿಯಮ. ಪೊಲೀಸ್ ದೆಲ್‌ಕೂರ್ ಮೂರು ಸಲ ಹೋಗಿ ವರದಿ ಸಲ್ಲಿಸಿದರು: “ಸದರಿ ವ್ಯಕ್ತಿಯು ಮೂರು ಸಲವೂ ಊಟದ ಮೇಜಿನ ಮುಂದೆ ಕುಳಿತಿರುವುದು ಕಂಡುಬಂದಿದೆ. ಪ್ರಶ್ನೆಗಳಿಗೆ ಉತ್ತರಿಸಲಿಲ್ಲ, ಆದರೆ ವರ್ತನೆ ಸಭ್ಯವಾಗಿತ್ತು. ನನ್ನ ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಮೂರೂ ಸಲ ಮನೆಯಲ್ಲೇ ಸಿಕ್ಕ ಮೊದಲ ನಾಗರಿಕರು ಇವರು.” ಗುರುತಿನ ಚೀಟಿಯ ಭಾವಚಿತ್ರದಲ್ಲಿ ಎರಡೂ ಕಿವಿ ಕಾಣಬೇಕಿತ್ತು. ಹಿಡಿಕೆಯನ್ನು ಎಡಗಿವಿಯೆಂದೂ ಮೂತಿಯನ್ನು ಬಲಗಿವಿಯೆಂದೂ ಪರಿಗಣಿಸಿ ಮಂಜೂರು ಮಾಡಲಾಯಿತು.

ಪ್ರದರ್ಶನ ಮುಗಿಯಿತು. ನಲವತ್ತು ಚಿತ್ರಗಳು ಬಂದ ದಾರಿ ಹಿಡಿದವು, ಕೆಲವು ಪುರಸಭೆಯದೇ ಉಗ್ರಾಣಕ್ಕೆ. ಸುತ್ತಿ ತರಲು ಕಂಬಳಿ ಹಿಡಿದು ಹೋದ ಗಿಲೆನ್‌ಳನ್ನು ತಿರಿಯಾರ್ ನೆಲ ನೋಡುತ್ತಾ ಪುರಸಭೆಯ ಕೌಂಟರಿಗೆ ಕಳಿಸಿದ. ಅಲ್ಲಿ ಗುಮಾಸ್ತೆ ಮದಾಮ್ ಕ್ರುಟ್ಜೆನ್ ಇದ್ದಳು.

“ನಿವಾಸಿಯನ್ನ ಕಂಬಳೀಲಿ ಸುತ್ಕೊಂಡು ಹೋಗೋಕೆ ಬರಲ್ಲ ಮದಾಮ್. ಅಪಹರಣ ಆಗುತ್ತೆ.”

“ಅಯ್ಯೋ, ಅದು ಚಿತ್ರ ಕಣಮ್ಮ! ನನ್ನ ಗಂಡ ಬರೆದದ್ದು!”

“ಯಾರು ಬರೆದ್ರೂ ಇರೋ ವಿಳಾಸ ಇದೇ ತಾನೆ? ಹಿಂದೆ ಮೂವತ್ತು ವರ್ಷ ನಿಮ್ಮನೇಲಿ ನೋಂದಣಿನೇ ಇಲ್ದೆ ಒಬ್ಬ ಗಂಡಸನ್ನ ಇಟ್ಕೊಂಡಿದ್ರಿ. ಹೋಗ್ಲಿ ಪಾಪ ಅಂತ ನಾವು ಸುಮ್ನಿದ್ದೀವಿ.”

ಗಿಲೆನ್‌ಗೆ ಅಳು ಬಂತು. ಮೂರು ತಿಂಗಳಿಂದ ಅಡುಗೆಮನೆಯ ಬೋಳು ಗೋಡೆ ನೋಡುತ್ತಾ ಉಂಡು ಸಾಕಾಗಿತ್ತು. ಕ್ರುಟ್ಜೆನ್‌ಳ ದನಿ ಮೆತ್ತಗಾಯಿತು. “ನಿಮ್ಮ ಮನೆಗೆ ಬರ್ತಾರೆ ಅಂತ ಬರ್ಕೊಡಿ, ಇವತ್ತೇ ಕಳಿಸ್ತೀನಿ. ಆದ್ರೆ ಒಟ್ಟಿಗೆ ಸಂಸಾರ ಮಾಡ್ತಿದ್ದೀರಿ ಅಂತಾದ್ರೆ ನಿಮ್ಮ ಒಂಟಿ ವಾಸದ ಪಿಂಚಣೀಲಿ ಮೂರನೇ ಒಂದು ಭಾಗ ಹೋಗುತ್ತೆ. ಅದಕ್ಕೇ ಎಲ್ರೂ ಮಾಡೋ ಹಾಗೆ ಮಾಡಿ. ಬಾಡಿಗೆಯವರು ಅನ್ನಿ. ಬೇರೆ ಕರೆಗಂಟೆ ಹಾಕ್ಸಿ.”

ಗಿಲೆನ್ ಬರೆದುಕೊಟ್ಟಳು. ಬಾಗಿಲಿಗೆ ಎರಡನೆಯ ಕರೆಗಂಟೆ ಬಂತು, ಅದರ ಕೆಳಗೆ ‘ಬೋನಿವೆರ್’ ಎಂಬ ಚೀಟಿ. ಫ್ರಿಜ್ಜಿನ ಕೆಳಗಿನ ಅರೆಯನ್ನು ಖಾಲಿ ಮಾಡಿ ಅದಕ್ಕೂ ಆ ಹೆಸರನ್ನೇ ಅಂಟಿಸಿದಳು. ಚಿತ್ರ ಹಳೆಯ ಮೊಳೆಗೇ ತೂಗಿತು.

ಮಾರನೆಯ ದಿನ ಮಧ್ಯಾಹ್ನ ದೆಲ್‌ಕೂರ್ ಬಂದರು. ಮೊದಲು ಬೋನಿವೆರ್ ಅವರ ಗಂಟೆ ಒತ್ತಿ, ನ್ಯಾಯವಾಗಿ ಎರಡು ನಿಮಿಷ ಕಾದು, ಆಮೇಲೆ ಗಿಲೆನ್ ಗಂಟೆ ಒತ್ತಿದರು. ಒಲೆಯ ಮೇಲೆ ಈರುಳ್ಳಿ ಸಾರು ಕುದಿಯುತ್ತಿತ್ತು.

“ಎರಡೇ ಪ್ರಶ್ನೆ ಮದಾಮ್. ಇವ್ರು ನಿಮಗೆ ಏನಾಗ್ಬೇಕು?”

“ಬಾ... ಬಾಡಿಗೆಯವ್ರು.”

“ಸರಿ. ಊಟ ಬೇರೆ ಬೇರೆ ತಾನೆ? ಇವ್ರ ಎದುರಿಗೇ ಹೇಳಿ. ಅವ್ರಿಗೂ ಆಕ್ಷೇಪಣೆಗೆ ಅವಕಾಶ ಇರ್ಬೇಕು.”

ಗಿಲೆನ್ ತಿರುಗಿ ನೋಡಿದಳು. ಕೆಟಲ್ ತನ್ನ ಪಾಡಿಗೆ ತಾನು ಕಾಯುತ್ತಿತ್ತು. ಹೌದು ಎಂದರೆ ಪಿಂಚಣಿ ಪೂರ್ತಿ ಉಳಿಯುತ್ತದೆ. ಆದರೆ ಸೌಟು ಹಿಡಿದೇ ಆಕೆ ಸಿಡುಕಿದಳು. “ಬೇರೆ ಊಟ ಎಂಥದ್ರೀ! ನಲವತ್ತೆರಡು ವರ್ಷ ಒಂದೇ ಪಾತ್ರೆ ಸಾರು ಉಂಡಿದ್ದೀವಿ. ಆ ಸ್ವೆಟರ್ ನೋಡಿ, ಆ ಗುಂಡಿ ನೋಡಿ. ಬಾಡಿಗೆಯವ್ರಿಗೆ ಯಾರಾದ್ರೂ ಗುಂಡಿ ಹಾಕ್ಕೊಡ್ತಾರಾ? ಬರ್ಕೊಳ್ಳಿ, ನನ್ನೋರು ಅಂತ ಬರ್ಕೊಳ್ಳಿ!”

ದೆಲ್‌ಕೂರ್ ಚಿತ್ರದ ಕಡೆ ತಿರುಗಿದರು. “ಮಸ್ಯೂ, ತಕರಾರು ಏನಾದ್ರೂ?” ಒಂದು ನಿಮಿಷ ಕಾದು ‘ತಕರಾರಿಲ್ಲ’ ಎಂದು ಬರೆದುಕೊಂಡರು. ಒಂದು ಬಟ್ಟಲು ಸಾರು ಕುಡಿದು ಹೊರಟರು.

ವಾರದೊಳಗೆ ಕುಟುಂಬ ವಿವರದ ಪತ್ರ ಬಂತು. ಒಂಬತ್ತು ವರ್ಷದಿಂದ ‘ಸದಸ್ಯರು: ಒಬ್ಬರು’ ಎಂದು ಬರುತ್ತಿದ್ದ ಜಾಗದಲ್ಲಿ ‘ಇಬ್ಬರು’ ಎಂದಿತ್ತು. ಗಿಲೆನ್ ಅದನ್ನು ನಿಂತೇ ಎರಡು ಸಲ ಓದಿದಳು, ಕೂತು ಇನ್ನೊಂದು ಸಲ ಓದಿದಳು. ಆಕೆಗೆ ಬಹಳ ಸಂತೋಷವಾಯಿತು.

“ಪಿಂಚಣಿ ಹೋಯ್ತಲ್ಲೇ, ಪೆದ್ದಿ!” ಎಂದಳು ಪಕ್ಕದ ಮನೆಯ ವಿಧವೆ ಸಿಮೋನ್.

“ಹೋಗ್ಲಿ ಬಿಡೆ. ಗಂಡಸನ್ನ ಮನೇಲಿ ಇಟ್ಕೊಂಡ್ರೆ ಖರ್ಚು ಇದ್ದದ್ದೇ.”

ಸಿಮೋನ್‌ಗೆ ಈ ಲೆಕ್ಕ ಸರಿಯೆನಿಸಿತು. ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದಳು. ಕೊನೆಗೆ ದನಿ ತಗ್ಗಿಸಿದಳು. “ನಿನ್ನ ಒಕ್ತಾವ್ ಬೇರೆ ಗಂಡಸರನ್ನೂ ಬರೆದಿದ್ನಲ್ಲ, ಪುರಸಭೆ ಹತ್ರ ಇರೋದು... ಯಾರಾದ್ರೂ ಖಾಲಿ ಇದ್ದಾರೇನೆ? ತಲೆ ಇಲ್ದಿದ್ರೂ ಪರವಾಗಿಲ್ಲ.”

ವಿಚಾರಿಸಿದಾಗ ಹನ್ನೊಂದು ಮಂದಿ ಖಾಲಿ ಇರುವುದು ತಿಳಿದುಬಂತು. ಪುರಸಭೆ ಸೋಮವಾರದಿಂದ ಅರ್ಜಿ ಕರೆಯಿತು. ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತರೂ ಸಿಮೋನ್‌ಗೆ ಸಿಕ್ಕಿದ್ದು ಇಪ್ಪತ್ತೇಳನೆಯ ಟೋಕನ್.