ಮೂರನೆಯ ಹಳದಿ ಚಿತ್ರದ ಸ್ಥಳಾಂತರ

ಮೊದಲೇ ಸ್ಪಷ್ಟಪಡಿಸುತ್ತೇನೆ: ಹಾನಗಲ್ಲಿನ ನಮ್ಮ ಮನೆಯ ಹಳೆಯ ಕಂಪ್ಯೂಟರ್ ನನ್ನ ನಿರ್ಲಕ್ಷ್ಯದಿಂದ ಕೆಡಲಿಲ್ಲ. ಅದು ಹನ್ನೊಂದು ವರ್ಷ ನಾಲ್ಕು ತಿಂಗಳು ಸೇವೆ ಸಲ್ಲಿಸಿ, ಕಳೆದ ಜೂನ್ ಒಂಬತ್ತರ ಮುಂಜಾನೆ ತಾನಾಗಿಯೇ ನಿವೃತ್ತಿ ಹೊಂದಿತು. (ಪಿಂಚಣಿ ಕೇಳಲಿಲ್ಲ, ಆ ಮಟ್ಟಿಗೆ ನನಗಿಂತ ಸಭ್ಯ.) ಮೂವತ್ತನಾಲ್ಕು ವರ್ಷ ಹಿರೇಕೆರೂರು, ಶಿಗ್ಗಾಂವಿ ಸೀಮೆಗಳಲ್ಲಿ ಭೂಮಾಪಕನಾಗಿ ಸರಪಳಿ ಎಳೆದ ನಾನು ತಾರೀಖು ತಪ್ಪಾಗಿ ದಾಖಲಾಗುವುದನ್ನು ಸಹಿಸಲಾರೆ.

ಸಮಸ್ಯೆ ಯಂತ್ರದ್ದಲ್ಲ, ಅದರ ಪರದೆಯದು. ನನ್ನ ಹೆಂಡತಿ ಸರೋಜವ್ವಳ ದೃಷ್ಟಿ ಈಗ ಬಣ್ಣಗಳಿಗೂ ದೊಡ್ಡ ಆಕಾರಗಳಿಗೂ ಸೀಮಿತ. ಹಳೆಯ ಪರದೆಯ ಎಡ ಅಂಚಿನಲ್ಲಿ, ಮೇಲಿನಿಂದ ಮೂರನೆಯದೊಂದು ಹಳದಿ ಚಿತ್ರ. ಅದನ್ನು ಒತ್ತಿದರೆ ಆಕೆಯ ತಂಗಿ, ಹಂಸಭಾವಿಯ ಜಯಶ್ರೀ, ಮಾತಾಡುತ್ತಿದ್ದಳು. ಜಯಶ್ರೀ ತೀರಿಕೊಂಡು ಎರಡು ವರ್ಷವಾಯಿತು. ಆಕೆ ಫೋನಿನಿಂದ ಕಳಿಸಿದ್ದ ನಲವತ್ತೊಂದು ಧ್ವನಿಸಂದೇಶಗಳು ಅಲ್ಲಿದ್ದವು. ದಿನವೂ ಸಂಜೆ ಸರೋಜವ್ವ ಹೆಡ್‌ಫೋನ್ ಹಾಕಿಕೊಂಡು, ಯಾರ ಹಂಗೂ ಇಲ್ಲದೆ, ತಾನೇ ಒತ್ತಿ ಕೇಳುತ್ತಿದ್ದಳು.

ಹೊಸ ಕಂಪ್ಯೂಟರ್ ಬಂತು. ಅದರ ಮಿದುಳಾದ ಚಿಪ್ಪು ಹಳೆಯದರ ಪ್ರತಿಸ್ಪರ್ಧಿ ಕಂಪನಿಯ ಪಾಳೆಯದು. ಸವಣೂರಿನ ರಿಪೇರಿ ಅಂಗಡಿಯ ಮಜೀದ ಹಳೆಯ ಡಿಸ್ಕಿನಿಂದ ಧ್ವನಿಗಳನ್ನೆಲ್ಲ ಉಳಿಸಿಕೊಟ್ಟ. ಆದರೆ ಆ ಡೆಸ್ಕ್‌ಟಾಪ್ (ಚಿತ್ರಗಳನ್ನು ಜೋಡಿಸಿಡುವ ಪರದೆಯ ತಂತ್ರಾಂಶ) ಹಳೆಯ ಚಿಪ್ಪಿಗಾಗಿ ಕಟ್ಟಿದ್ದು, ಇದರ ಮೇಲೆ ನಡೆಯುವುದಿಲ್ಲವೆಂದ. ಹೊಸದರ ಚಿತ್ರಗಳೋ, ಕೆಳಗೆ ಸಾಲಾಗಿ ಕುಳಿತು, ಬಾಣದ ಗುರುತು ಹತ್ತಿರ ಬಂದೊಡನೆ ಉಬ್ಬಿ ಪಕ್ಕಕ್ಕೆ ಸರಿಯುತ್ತಿದ್ದವು. (ಗಡಿಕಲ್ಲೇ ಓಡಾಡುವ ಹೊಲವನ್ನು ಯಾವ ಭೂಮಾಪಕ ಅಳೆದಾನು?)

ನಾನೇ ಹಚ್ಚಿಕೊಡುತ್ತೇನೆಂದು ದೊಡ್ಡ ದನಿಯಲ್ಲಿ ಒಂದು ಸಂದೇಶ ಕೇಳಿಸಿದೆ. ಜಯಶ್ರೀ ಮೊನ್ನೆ ಮಂಗಳವಾರ ಮಳೆ ಬಂತೆಂದಳು. ಅದು ಬುಧವಾರ. ಧ್ವನಿಯನ್ನು ನಿಲ್ಲಿಸಿ ತಿದ್ದಿದೆ.

“ಸತ್ತಾಕಿ ಮಾತನ್ನಾರ ತಿದ್ದಬ್ಯಾಡ್ರಿ,” ಎಂದಳು ಸರೋಜವ್ವ. “ನನ್ನ ಕೈಲೆ ಹಚ್ಚಿಕೊಳ್ಳೂ ಹಂಗಾದಾಗ ಕೇಳ್ತೇನಿ. ಅಲ್ಲೀತನಾ ಬ್ಯಾಡ.”

ಅಂದಿನಿಂದ ಆ ಪರದೆಯನ್ನು ವೈರಿಯ ನೆಲಕ್ಕೆ ಯಥಾವತ್ತಾಗಿ ಸ್ಥಳಾಂತರಿಸುವುದೇ ನನ್ನ ಜೀವಿತೋದ್ದೇಶವಾಯಿತು. ಆ ಡೆಸ್ಕ್‌ಟಾಪನ್ನು ಬರೆದವರು ಅದರ ಮೂಲ ಬರಹವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆಂದೂ, ಹೊಸ ಚಿಪ್ಪಿಗೆ ಒಗ್ಗುವಂತೆ ತಿದ್ದಿ ಮತ್ತೆ ಕಟ್ಟಬಹುದೆಂದೂ ಮಜೀದ ತಿಳಿಸಿದ. ವಿಷಯ, ಉಲ್ಲೇಖ, ಅಡಕ ಸಹಿತ ಅವರಿಗೆ ಮೂರು ಪುಟದ ಮನವಿ ಕಳಿಸಿದೆ. ನೀವೇ ತಿದ್ದಿ ಕಳಿಸಿದರೆ ಸಂತೋಷ ಎಂದು ಒಂದೇ ಸಾಲಿನ ಉತ್ತರ ಬಂತು. ಅರ್ಜಿದಾರನೇ ಆದೇಶವನ್ನೂ ಬರೆದುಕೊಳ್ಳಬೇಕೆನ್ನುವ ಕಚೇರಿಯನ್ನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ.

ಮಜೀದ ಕಟ್ಟತೊಡಗಿದ. ಸರೋಜವ್ವಳಿಗೆ ಕಲಿಸುವಾಗ ನಾನು ಬರೆದಿಟ್ಟಿದ್ದ ಚಕ್ಕುಬಂದಿ ನನ್ನ ಬಳಿ ಇತ್ತು: ಹಳದಿ ಚಿತ್ರಕ್ಕೆ ಪಡುವಲಲ್ಲಿ ಪರದೆಯ ಅಂಚು, ಮೂಡಲಲ್ಲಿ ಖಾಲಿ ಜಾಗ, ಬಡಗಲಲ್ಲಿ ಪಂಚಾಂಗ, ತೆಂಕಲಲ್ಲಿ ಕಸದ ಬುಟ್ಟಿ. ಅವನು ತಂದದ್ದನ್ನೆಲ್ಲ ಗಾಜಿನ ಮೇಲೆ ಸ್ಕೇಲಿಟ್ಟು ಅಳೆದೆ. ಪಂಚಾಂಗವು ಎರಡು ಮಿಲಿಮೀಟರ್ ಒತ್ತುವರಿ ಮಾಡಿದೆ. ಹಳದಿಯು ಅರಿಸಿನದಂತಿರದೆ ನಿಂಬೆಹಣ್ಣಿನಂತಿದೆ. ದೋಷಪಟ್ಟಿ ನೂರು ದಾಟಿತು. ಮಜೀದ ಒಮ್ಮೆ ಮಾತ್ರ, ಅಮ್ಮಾರಿಗೆ ಇಷ್ಟು ಸೂಕ್ಷ್ಮ ಕಾಣ್ತದೇನ್ರಿ ಎಂದು ಕೇಳಿದ. ಕಾಣದಿರುವುದರಿಂದಲೇ ಸೂಕ್ಷ್ಮ ಬೇಕು ಎಂದೆ.

ಈ ನಡುವೆ ಸಂಜೆಗಳು ಖಾಲಿಯಿದ್ದವು. ಬೇರೆ ಉಪಾಯವಿಲ್ಲದೆ ಸರೋಜವ್ವ ನನ್ನೊಡನೆ ಮಾತಾಡತೊಡಗಿದಳು. ನಲವತ್ತಾರು ವರ್ಷಗಳ ದಾಂಪತ್ಯದಲ್ಲಿ ನಮ್ಮ ಸಂಭಾಷಣೆ ಕಾಯಿಪಲ್ಲೆ ಮತ್ತು ಗುಳಿಗೆಗಳ ಮೇರೆ ದಾಟಿರಲಿಲ್ಲ. ಅಕ್ಕಿಆಲೂರು ಸಂತೆಗೆ ಹೊರಟ ಜಯಶ್ರೀ ತಪ್ಪು ಬಸ್ಸು ಹತ್ತಿ, ಅದನ್ನು ಒಪ್ಪಿಕೊಳ್ಳಲಾರದೆ ಸವಣೂರಿನವರೆಗೂ ಹೋಗಿ, ಒಂದು ಕಟ್ಟು ವೀಳ್ಯದೆಲೆ ಕೊಂಡು, ಇದಕ್ಕೇ ಬಂದಿದ್ದೆ ಎಂದು ಸಾಧಿಸಿದ್ದಳಂತೆ. ಯಾವ ಇಸವಿ, ಎಷ್ಟು ಗಂಟೆಯ ಬಸ್ಸು ಎಂದು ವಿಚಾರಿಸಿದೆ.

“ನೀವು ಸ್ವರ್ಗಕ್ಕ ಹೋದ್ರೂ ಸರ್ವೇ ನಂಬರ ಕೇಳಾವ್ರ,” ಎಂದು ಸರೋಜವ್ವ ನಕ್ಕಳು. ತಂಗಿ ಹೋದ ಮೇಲೆ ಆಕೆ ನಕ್ಕದ್ದು ಅದೇ ಮೊದಲು. ಮರುದಿನ ಸಂಜೆ ಐದಕ್ಕೇ ನಾನು ಕುರ್ಚಿಯನ್ನು ಆಕೆಯ ಬಳಿಗೆ ಎಳೆದುಕೊಂಡೆ. ಹೀಗೆ ಮೂವತ್ತೊಂದು ಸಂಜೆಗಳು.

ಜುಲೈ ಇಪ್ಪತ್ತಮೂರರಂದು ಕೆಲಸ ಮುಗಿಯಿತು. ಸರೋಜವ್ವ ಬಂದು ಕುಳಿತಳು. ಮೌಸ್ ಹಿಡಿದ ಕೈ ತಡವರಿಸಲಿಲ್ಲ; ಒಂದು, ಎರಡು, ಮೂರು. ಒತ್ತಿದಳು. ಕೋಣೆಯಲ್ಲಿ ಜಯಶ್ರೀ “ಅಕ್ಕಾ” ಎಂದಳು. ಸರೋಜವ್ವಳ ಕಣ್ಣು ತುಂಬಿದವು. ಅಳತೆ ಸರಿಯಿದೆಯೇ ಎಂದು ಕೇಳಿದೆ.

“ಬರೋಬ್ಬರಿ ಐತ್ರಿ,” ಎಂದು ಹೆಡ್‌ಫೋನ್ ಎತ್ತಿಕೊಂಡಳು. “ನೀವಿನ್ನ ಏಳ್ರಿ. ನಾ ಆಕಿ ಮಾತು ಕೇಳ್ತೇನಿ.”

ಎದ್ದೆ. ಮರುದಿನವೂ ಅದೇ; ಎಂಟನೆಯ ದಿನವೂ ಅದೇ. ಆ ಬಸ್ಸಿನ ವಿಷಯ ಎತ್ತಿ ನೋಡಿದೆ. ಹೆಡ್‌ಫೋನಿನೊಳಗೆ ನನಗೆ ಪ್ರವೇಶವಿರಲಿಲ್ಲ. ಒಂಬತ್ತನೆಯ ದಿನ ಹೊರಗಿನ ಕಟ್ಟೆಯ ಮೇಲೆ ಕುಳಿತು ಮಜೀದನಿಗೆ ಫೋನು ಮಾಡಿದೆ. ದನಿ ತಗ್ಗಿಸಿ, ಅದರೊಳಗೆ ಎಲ್ಲಿಯಾದರೂ ಒಂದು ಸಣ್ಣ ದೋಷ ಉಳಿದಿರಬಹುದೇ, ವಾರಕ್ಕೊಂದು ದಿನ ನಿಲ್ಲುವಂಥದ್ದು, ಎಂದು ವಿಚಾರಿಸಿದೆ.

“ಹೆಂಗ ಉಳೀತೈತ್ರಿ ಸಾಹೇಬ್ರ?” ಎಂದ ಆ ಸಜ್ಜನ, ತುಂಬು ಹೆಮ್ಮೆಯಿಂದ. “ನೂರಾ ಹದಿನಾಲ್ಕೂ ನೀವ ಹುಡುಕಿ ತೆಗಿಸೀರಲ್ರಿ.”